ಇಲಿಮರಿ ಮೂಲೆ

ದೋರಿಗೆ ತನ್ನ ತಮ್ಮನ ಹೆಂಡತಿ ಲೆವೀನಾಳ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ನಮ್ಮೂರು ಸ್ಟಿಲ್‌ದಾಲ್‌ನ ಕೋಳಿಗಳಿಗೂ ಗೊತ್ತಿದ್ದ ವಿಷಯ. ಲೆವೀನಾಳ ಬ್ರೆಡ್ಡು ಚೆನ್ನಾಗಿ ಉಬ್ಬಿದರೆ ದೋರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಉಬ್ಬದೆ ಕೂತರೆ ಎರಡು ತುಂಡು ಜಾಸ್ತಿ ತಿಂದು ಬರುತ್ತಿದ್ದಳು. ಆದರೆ ಬ್ರೆಡ್ಡು, ಕಿಟಕಿಯ ಪರದೆ, ಹೊಸ ಒಲೆ ಇವೆಲ್ಲ ಚಿಲ್ಲರೆ ಕಿಚ್ಚು. ಅಸಲು ಕಿಚ್ಚು ಒಂದು ಹಣ್ಣಿನದು.

ಕುಕುಮಕ್ರಂಕಾ ಅಂಥ ದೊಡ್ಡ ಹಣ್ಣೇನಲ್ಲ. ಬೆರಳುದ್ದ, ಮಾಸಲು ಹಳದಿ, ನೋಡಿದರೆ ಯಾರೋ ಮಣ್ಣಲ್ಲಿ ಬೀಳಿಸಿಕೊಂಡ ಮೇಣದಬತ್ತಿಯ ಚೂರು. ನಮ್ಮಲ್ಲಿ ಬೇಸಿಗೆ ಕ್ರಿಸ್ಮಸ್ ಹೊತ್ತಿಗೇ ಬರುತ್ತದೆ, ಆಗ ನೆಲದಡಿಯ ಗಡ್ಡೆಯಿಂದ ಒಂದು ಬಿಳಿ ಹೂ ಅರಳಿ ಬಾಡುತ್ತದೆ. ಆಮೇಲೆ ತಿಂಗಳುಗಟ್ಟಲೆ ನೆಲದ ಮೇಲೆ ಎಲೆಯೂ ಇರುವುದಿಲ್ಲ, ಕಡ್ಡಿಯೂ ಇರುವುದಿಲ್ಲ. ಈಸ್ಟರ್ ಹತ್ತಿರವಾದಾಗ ಹಣ್ಣು ತಾನಾಗಿ ನೆಲ ಬಿರಿದು ತುದಿ ತೋರಿಸುತ್ತದೆ. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಗುತ್ತದೆ: ಮಾಗಿದ ಸೀಬೆ, ಬಾಳೆಹಣ್ಣು, ಜೇನುತುಪ್ಪ ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು ಮುಚ್ಚಳ ತೆಗೆದ ಹಾಗೆ. ನಮ್ಮೂರಿನ ಹೆಂಗಸರು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಈಸ್ಟರ್ ಬೆಳಗಿನ ಪ್ರಾರ್ಥನೆಗೆ ದೇವರ ಹೊಲಕ್ಕೆ ಹೋಗುತ್ತಾರೆ. ಸ್ಮಶಾನಕ್ಕೆ ನಾವು ಹಾಗೇ ಅನ್ನುವುದು. ಆಮೇಲೆ ವರ್ಷವಿಡೀ ಅದು ಘಮಕ್ಕೆಂದು ಬಟ್ಟೆಯ ಪೆಟ್ಟಿಗೆಯಲ್ಲಿರುತ್ತದೆ.

ಹೋಗುತ್ತಾರೆ ಎಂದೆನಲ್ಲ, ಹೋಗುತ್ತಿದ್ದರು ಎನ್ನಬೇಕು. ಒಂದು ಕಾಲದಲ್ಲಿ ಬೆಟ್ಟದ ಬುಡದ ಇಳಿಜಾರೆಲ್ಲ ಬೂದುಬಣ್ಣದ ಘೇಂಡಾಪೊದೆ. ಘೇಂಡಾಮೃಗವನ್ನು ನಮ್ಮ ಅಜ್ಜನ ಅಜ್ಜನೂ ಕಂಡವನಲ್ಲ, ಪೊದೆಗೆ ಹೆಸರು ಮಾತ್ರ ಉಳಿದಿತ್ತು. ಆ ಪೊದೆಗಳ ನಡುವೆ ಪ್ರತಿ ಮನೆಯ ಹೆಂಗಸಿಗೂ ಹಣ್ಣು ಸಿಗುವ ತನ್ನದೇ ಒಂದು ಜಾಗವಿತ್ತು. ಗೋಧಿ ಹೊಲ ವರ್ಷಕ್ಕೊಂದು ಸಾಲು ಮೇಲೇರುತ್ತಾ ಹೋಯಿತು, ಒಬ್ಬೊಬ್ಬರ ಜಾಗವನ್ನೂ ನುಂಗುತ್ತಾ ಹೋಯಿತು. ಈಗ ಅಲ್ಲಿ ಉಳಬಾರದು ಅಂತ ಕಾನೂನು ಬಂದಿದೆ, ಬೇಲಿಗೆ ಹಲಗೆಯನ್ನೂ ಹೊಡೆದಿದ್ದಾರೆ. ಉಳೋದಕ್ಕೆ ಉಳಿದಿರುವುದಾದರೂ ಎಷ್ಟು? ಹೊಲಕ್ಕೂ ಬಂಡೆಗೂ ನಡುವೆ, ಟ್ರ್ಯಾಕ್ಟರ್ ತಿರುಗಲಾರದ ಒಂದು ಪಟ್ಟಿ, ಅಷ್ಟೇ.

ಆ ಪಟ್ಟಿಯಲ್ಲೇ ಎಲ್ಲೋ ದೋರಿಯ ತಾಯಿ ಸೆಲೀನಾಳ ಜಾಗ ಇತ್ತು. ಇಡೀ ಊರಿನಲ್ಲಿ ಉಳಿದಿದ್ದ ಕೊನೆಯ ಜಾಗ ಅದೊಂದೇ.

ಜಾಗ ಎಲ್ಲಿ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳುವುದೆಂದರೆ ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕಿದ ಹಾಗೆ. ತಾಯಿಗೆ ಮನಸ್ಸು ಬಂದಾಗ ತಾನೇ ಕರೆದು ಹೇಳಬೇಕು. ದೋರಿ ಕಾದಳು. ಮದುವೆಯಾದಾಗ ಹೇಳುತ್ತಾಳೆ ಅಂದುಕೊಂಡಳು, ಹೇಳಲಿಲ್ಲ. ಮಗಳು ಹುಟ್ಟಿದಾಗ ಹೇಳುತ್ತಾಳೆ ಅಂದುಕೊಂಡಳು, ಆಗಲೂ ಇಲ್ಲ. ಕಡೆಗೆ ಸೆಲೀನಾಳ ಕಣ್ಣು ಪೂರ್ತಿ ಹೋದ ವರ್ಷ ದೋರಿ ದಿನಾ ಒಂದು ನೆಪ ಮಾಡಿಕೊಂಡು ತಮ್ಮ ಅಬ್ನರ್‌ನ ಮನೆಗೆ ಹೋಗಿ ತಾಯಿಯ ಮಂಚದ ಹತ್ತಿರ ಕೂರುತ್ತಿದ್ದಳು. ಒಂದು ದಿನ ಸೆಲೀನಾ ಕೂಗಿದಳು. ಕೂಗಿದ್ದು ಸೊಸೆಯನ್ನು.

"ಲೆವೀ, ಬಾಗಿಲು ಹಾಕ್ಕೊಂಡು ಒಳಗೆ ಬಾಮ್ಮ."

ದೋರಿ ಅಡುಗೆಮನೆಯಲ್ಲಿ ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತುಬಿಟ್ಟಳು. ಕಿವಿ ನಿಮಿರಿಸಿ ಕೇಳಿದರೂ ಬಾಗಿಲ ಆಚೆಯಿಂದ ಬಂದದ್ದು ಎರಡೇ ಮಾತು: ಇಲಿಮರಿ ಮೂಲೆ.

ಲೆವೀನಾ ಸ್ವೆಲೆಂಡಾಮ್ ಪೇಟೆಯಿಂದ ಬಂದವಳು. ಬಂದ ಹೊಸದರಲ್ಲಿ ಘೇಂಡಾಪೊದೆಗೂ ಒಣಗಿದ ಪೊರಕೆಗೂ ವ್ಯತ್ಯಾಸ ಗೊತ್ತಿರಲಿಲ್ಲ ಅವಳಿಗೆ. ಅಂಥವಳಿಗೆ ಹೇಳಿದಳು ತಾಯಿ. ಹೊಟ್ಟೆಯಲ್ಲಿ ಹುಟ್ಟಿದವಳು ಗೋಡೆಯ ಆಚೆ, ಎಲ್ಲಿಂದಲೋ ಬಂದವಳು ಒಳಗೆ. ದೋರಿ ಆ ಕಾಫಿಯನ್ನು ಹಾಗೇ ತೊಟ್ಟಿಗೆ ಸುರಿದು ಮನೆಗೆ ಬಂದಳು.

ಅಂದಿನಿಂದ ಪ್ರತಿ ಈಸ್ಟರ್‌ಗೂ ಒಂದೇ ನಾಟಕ. ಬೆಳಕು ಹರಿಯುವ ಮುಂಚೆ ಹಿತ್ತಾಳೆ ವಾದ್ಯದವರು ಊರನ್ನು ಎಬ್ಬಿಸುತ್ತಾರೆ, ಎಲ್ಲರೂ ಸುಣ್ಣ ಬಳಿದ ಗೋರಿಗಳ ನಡುವೆ ನಿಲ್ಲುತ್ತಾರೆ, ಪ್ರಾರ್ಥನೆ ಮುಗಿದ ಮೇಲೆ ಮುದುಕಿಯರೆಲ್ಲ ಸೆಲೀನಾಳ ಕರವಸ್ತ್ರಕ್ಕೆ ಮೂಗು ತರುತ್ತಾರೆ.

"ಈ ವರ್ಷಾನೂ ಸಿಕ್ತಾ ಸೆಲೀನಾ? ಯಾರು ತಂದ್ಕೊಟ್ರೇ?"

"ಇನ್ಯಾರು? ನಮ್ಮ ಲೆವೀನಾ."

"ಪುಣ್ಯ ಮಾಡಿದ್ದೆ ಬಿಡು. ಮಗಳಿಗಿಂತ ಹೆಚ್ಚಾದ್ಲು ನಿನ್ನ ಸೊಸೆ."

ಪಕ್ಕದಲ್ಲೇ ತಾಯಿಯ ಕೈ ಹಿಡಿದು ನಿಂತಿರುತ್ತಿದ್ದ ದೋರಿಗೆ ಗೋರಿಯೊಳಗೆ ಮಲಗಿದವರೇ ಸುಖಿಗಳು ಅನ್ನಿಸುತ್ತಿತ್ತು.

ಇಲಿಮರಿ ಮೂಲೆ ಎಂದರೆ ಇಲಿಗಳಿರುವ ಜಾಗ ಅಂತ ಅವಳ ಲೆಕ್ಕ. ಅವಳು ಹಿಡಿದ ದಾರಿಯೇ ತಪ್ಪು, ಆದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಸೌದೆಯ ನೆಪದಲ್ಲಿ ಇಳಿಜಾರಿಗೆ ಹೋಗಿ ಪೊದೆಯ ಬುಡದ ಬಿಲಗಳನ್ನೆಲ್ಲ ಮೂಸಿ ಬರುತ್ತಿದ್ದಳು. ಅಲ್ಲಿ ಬೆನ್ನ ಮೇಲೆ ಪಟ್ಟೆಯಿರುವ ಇಲಿಗಳು ಹೆಜ್ಜೆಗೊಂದು. ಮೊಣಕಾಲು ತರಚಿಕೊಂಡು ಮನೆಗೆ ಬಂದರೆ ಗಂಡ ಲೂಕಾಸ್ ಪೈಪು ಕಚ್ಚಿಕೊಂಡು ನಗುತ್ತಿದ್ದ.

"ಹಿಡಿದ್ಯೇನೇ ಇಲಿ? ಬೆಕ್ಕಿಗೆ ಕೆಲಸ ಇಲ್ದಂಗೆ ಮಾಡ್ಬಿಟ್ಟೆ ಕಣೆ ನೀನು."

"ನಿಮ್ಗೇನು ಗೊತ್ತು ನನ್ನ ಸಂಕಟ."

"ಹೋಗಿ ನಿಮ್ಮಮ್ಮನ್ನೇ ಕೇಳಬಾರದಾ? ಬಾಯಿ ಇದೆಯಲ್ಲ, ನನ್ನ ಮೇಲೆ ಚೆನ್ನಾಗೇ ಓಡುತ್ತೆ."

"ಅವಳಾಗಿ ಹೇಳ್ಬೇಕು. ಭಿಕ್ಷೆ ಬೇಡಲ್ಲ ನಾನು."

"ನಿಮ್ಮಮ್ಮ ಕೋಳಿಗೆ ಕಾಳು ಹಾಕಿದ್ರೆ ಆ ಕೋಳಿ ಮೇಲೂ ಉರ್ಕೊಳ್ತೀಯ ನೀನು," ಎಂದು ಲೂಕಾಸ್ ಪೈಪಿನ ಬೂದಿ ಕೊಡವಿದ. ಮಾತು ನಿಜವಾದ್ದರಿಂದ ದೋರಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಈ ವರ್ಷ ಗುಡ್ ಫ್ರೈಡೆಯ ಹಿಂದಿನ ದಿನ, ಊರ ಹೆಂಗಸರೆಲ್ಲ ಗೋರಿಗಳಿಗೆ ಸುಣ್ಣ ಬಳಿಯುತ್ತಿದ್ದಾಗ, ಲೆವೀನಾ ಬಕೆಟ್ಟು ಕೆಳಗಿಟ್ಟು ತಲೆಗೆ ವಸ್ತ್ರ ಬಿಗಿದು ಮೆಲ್ಲಗೆ ಜಾರಿಕೊಂಡಳು. ದೋರಿ ಕುಂಚವನ್ನು ತನ್ನ ಅಪ್ಪನ ಗೋರಿಯ ಮೇಲೇ ಬಿಟ್ಟು ಹಿಂದೆ ಹೊರಟಳು. ಕೊಯ್ದ ಗೋಧಿಯ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬೇಲಿ ದಾಟಿ, ಪೊದೆಗಳ ನಡುವೆ ಬಗ್ಗಿ, ಒರಗಿಕೊಂಡ ಎರಡು ಬಂಡೆಗಳ ಹಿಂದೆ ಲೆವೀನಾ ಮಂಡಿಯೂರಿದ್ದನ್ನು ಕಂಡಳು. ನೂರು ಸಲ ಆ ಬಂಡೆಗಳ ಪಕ್ಕದಲ್ಲೇ ಹಾದುಹೋಗಿದ್ದಳು ದೋರಿ. ಅಲ್ಲಿ ಒಂದೇ ಒಂದು ಬಿಲ ಇಲ್ಲದ್ದರಿಂದ ಆಕಡೆ ತಿರುಗಿಯೂ ನೋಡಿರಲಿಲ್ಲ.

ಲೆವೀನಾ ನೆಲಕ್ಕೆ ಮೂಗು ಹತ್ತಿರ ತಂದಳು, ಬೆರಳಿಂದ ಮಣ್ಣು ಸವರಿದಳು. ಆಮೇಲೆ ಯಾರೋ ಎದುರಿಗೆ ಕೂತಿದ್ದಾರೇನೋ ಎಂಬಂತೆ ಹೇಳಿದಳು: "ಇನ್ನೂ ಆಗಿಲ್ಲ. ಶನಿವಾರ ಬರ್ತೀನಿ. ಇಲಿಮರೀ, ಒಂದೇ ಒಂದು ತಗೋತೀನಿ, ಬೇಜಾರು ಮಾಡ್ಕೋಬೇಡ."

ಇಲಿಗೆ ಅಪ್ಪಣೆ ಕೇಳುತ್ತಾಳಂತೆ, ಪೇಟೆಯವಳು! ಪೊದೆಯ ಮರೆಯಲ್ಲಿ ದೋರಿ ಮೂಗು ಮುರಿದಳು. ಲೆವೀನಾ ಹೋದ ಮೇಲೆ ಹತ್ತಿರ ಬಂದು ನೋಡಿದಳು. ಗಟ್ಟಿ ಜೇಡಿಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಉಗುರಿನಷ್ಟು ಹಳದಿ ತುದಿ. ವಾಸನೆ ಆಗಲೇ ತೆಳ್ಳಗೆ ಏಳುತ್ತಿತ್ತು. ಅವಳಿಗೆ ಸಂತೋಷವಾಗಬೇಕಿತ್ತು, ಬಂದದ್ದು ಅಳು, ಅಳುವಿನ ಹಿಂದೆಯೇ ಸಿಟ್ಟು. ಒಂದು ಹಣ್ಣು ತಂದುಕೊಟ್ಟರೆ ಏನಾಗುತ್ತದೆ? ಶನಿವಾರ ಲೆವೀನಾ ಇನ್ನೊಂದು ತರುತ್ತಾಳೆ, ಮುಂದಿನ ವರ್ಷ ಮತ್ತೊಂದು. ಮೂಲೆ ಅವಳದೇ ಆಗಿ ಉಳಿಯುತ್ತದೆ. ಗಡ್ಡೆಗಳನ್ನೇ ಮನೆಗೆ ಒಯ್ದರೆ ಬೇಕಾದವರು ತನ್ನ ಬಾಗಿಲಿಗೆ ಬರಬೇಕು.

ಶುಕ್ರವಾರ ಮಧ್ಯಾಹ್ನ ಊರೆಲ್ಲ ಮಸಾಲೆಯಲ್ಲಿ ನೆನೆಹಾಕಿದ ಮೀನು ತಿಂದು ಮಲಗಿತ್ತು. ಆ ದಿನ ನಮ್ಮಲ್ಲಿ ಸೂಜಿ ಕೂಡ ಹಿಡಿಯುವುದಿಲ್ಲ, ದೋರಿ ಸಲಿಕೆ ಹಿಡಿದು ಹೋದಳು. ಅಗೆದಳು. ಮಣ್ಣು ಕಲ್ಲಿನಂತಿತ್ತು, ಬೆವರು ಕಣ್ಣಿಗಿಳಿಯಿತು. ಗಡ್ಡೆಗಳು ಅಂದುಕೊಂಡದ್ದಕ್ಕಿಂತ ಆಳದಲ್ಲಿದ್ದವು. ಕೆಲವು ಸೀಳಿಹೋದವು, ಕೆಲವು ಕೈಗೆ ಬಂದವು. ದೊಡ್ಡವು, ಸಣ್ಣವು, ಹಣ್ಣು ಬಿಟ್ಟವು, ಬಿಡದವು, ಒಂದನ್ನೂ ಉಳಿಸಲಿಲ್ಲ. ಮನೆಗೆ ತಂದು ಕೋಳಿಗೂಡಿನ ಹಿಂದಿನ ಹಳೇ ಸ್ನಾನದ ತೊಟ್ಟಿಗೆ ಮಣ್ಣು ತುಂಬಿ ನೆಟ್ಟಳು. ಹಣ್ಣುಗಳನ್ನು ಬಿಡಿಸಿ ಇಟ್ಟುಕೊಂಡು, ಎಲ್ಲಕ್ಕಿಂತ ಚೆಂದದ್ದನ್ನು ಮದುವೆಯ ಕರವಸ್ತ್ರದಲ್ಲಿ ಸುತ್ತಿದಳು. ಆ ದಿನ ಅವಳಿಗೆ ಚೆನ್ನಾಗಿ ಹಸಿವಾಯಿತು.

ಶನಿವಾರ ಬೆಳಿಗ್ಗೆ ಲೆವೀನಾ ಇಳಿಜಾರಿನ ಕಡೆ ಹೋದದ್ದನ್ನು ಕಿಟಕಿಯಿಂದ ನೋಡಿಕೊಂಡು ದೋರಿ ತಾಯಿಯ ಕೋಣೆಗೆ ಹೋದಳು. ಬಾಯಿ ತೆಗೆಯುವ ಮೊದಲೇ ಸೆಲೀನಾ ಮುಖ ಎತ್ತಿದಳು.

"ಯಾರು? ಲೆವೀ, ಇಷ್ಟು ಬೇಗ ಬಂದ್ಯಾ?"

"ನಾನು, ಮಾ. ದೋರಿ."

ಸೆಲೀನಾ ಮತ್ತೊಮ್ಮೆ ಗಾಳಿ ಮೂಸಿದಳು. ಮೂಗಿನ ಹೊಳ್ಳೆ ಅರಳಿತು. ಆಮೇಲೆ ಮುಖವೆಲ್ಲ ಅರಳಿತು. ದೋರಿ ಹುಟ್ಟಿದಾಗಿನಿಂದ ತಾಯಿಯ ಮುಖದಲ್ಲಿ ಅಂಥದ್ದನ್ನು ಕಂಡಿರಲಿಲ್ಲ.

"ದೋರೀ... ನೀನು ತಂದ್ಯಾ? ನೀನೇ ಹೋಗಿದ್ಯಾ?"

"ಹೂಂ ಮಾ, ನಾನೇ."

"ನೀನು ಬರಲ್ಲ ಅಂದ್ಕೊಂಡಿದ್ದೆ ಕಣೇ. ಸಾಯೋದರೊಳಗೆ ಒಂದ್ಸಲನಾದ್ರೂ ತರ್ತಾಳೇನೋ, ಇವತ್ತು ತರ್ತಾಳೇನೋ ಅಂತ ಪ್ರತಿ ವರ್ಷ ಕಾದೆ." ಕುರುಡು ಕಣ್ಣಿಂದ ನೀರು ಇಳಿಯುತ್ತಿತ್ತು. "ಕೊಡು ಇಲ್ಲಿ, ಕೊಡು."

ದೋರಿ ಕೊಟ್ಟಳು. ಇದೇ, ಇದಕ್ಕೇ ಇಷ್ಟು ವರ್ಷ ಅವಳು ಒಳಗೊಳಗೇ ಬೆಂದದ್ದು. ಸೆಲೀನಾ ಹಣ್ಣನ್ನು ಕೆನ್ನೆಗೆ ಒತ್ತಿಕೊಂಡಳು, ಮೂಸಿದಳು, ಬೆರಳಿಂದ ತುದಿಯಿಂದ ಬುಡದವರೆಗೆ ಸವರಿದಳು. ಬುಡದ ಹತ್ತಿರ ಬೆರಳು ನಿಂತಿತು. ಮತ್ತೊಮ್ಮೆ ಸವರಿದಳು. ಅಲ್ಲಿ ಬಿಳಿ ತೊಟ್ಟು ಹರಿದು ಎಳೆ ಎಳೆಯಾಗಿತ್ತು.

"ಇದು ಬಿಟ್ಟುಕೊಟ್ಟಿಲ್ಲ," ಎಂದಳು ಸೆಲೀನಾ. "ಮಾಗಿದ್ದು ಬೆರಳು ತಗುಲಿಸಿದ್ರೆ ತಾನೇ ಬಿಟ್ಟುಕೊಡುತ್ತೆ. ಇದನ್ನ ಎಳೆದಿದ್ದೀಯ. ಅಗೆದ್ಯಾ?"

ದೋರಿ ಮಣ್ಣು ಮೆತ್ತಿದ ಉಗುರುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಎಷ್ಟು ಅಗೆದೆ?"

"ಎಲ್ಲಾ."

ಸೆಲೀನಾ ಹಣ್ಣನ್ನು ಹೊದಿಕೆಯ ಮೇಲಿಟ್ಟಳು. ದೋರಿಗೆ ಬೈಗುಳ ಬೇಕಾಗಿತ್ತು, ತಿರುಗಿ ಬೈಯಬಹುದಾಗಿತ್ತು. ಬೈಗುಳ ಬಾರದ್ದರಿಂದ ಅವಳೇ ಶುರುಮಾಡಿದಳು.

"ಹೌದು, ಅಗೆದೆ. ಏನ್ಮಾಡಲಿ ಮಾ? ನಂಗೆ ಹೇಳಿದ್ಯಾ ನೀನು? ಬಾಗಿಲು ಹಾಕ್ಕೊಂಡು ಅವಳಿಗೆ ಹೇಳಿದೆ. ನಾನು ಅಡುಗೆಮನೇಲಿ ನಿಂತಿದ್ದೆ, ನಿನ್ನ ಹೊಟ್ಟೇಲಿ ಹುಟ್ಟಿದವಳು! ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಏನಂತ ಹೇಳ್ಲೇ?" ಸೆಲೀನಾಳ ದನಿಯಲ್ಲಿ ನಿಜವಾದ ಅಚ್ಚರಿಯಿತ್ತು. "ಗೊತ್ತಿಲ್ಲದೋರಿಗೆ ಹೇಳ್ತಾರೆ. ಆ ಜಾಗ ನಂಗೆ ತೋರಿಸಿದ್ದೇ ನೀನು."

"ನಾನಾ?"

"ನೀನಿನ್ನೂ ಅಂಬೆಗಾಲು ಇಡ್ತಿದ್ದೆ. ಪೊರಕೆಗೆ ಪೊದೆ ಕಡಿಯೋಕೆ ಹೋಗಿದ್ವಿ ನಾನು, ನಿಮ್ಮಪ್ಪ. ನಿನ್ನನ್ನ ಬಂಡೆ ನೆರಳಲ್ಲಿ ಬಿಟ್ಟಿದ್ದೆ. ತಿರುಗಿ ನೋಡಿದ್ರೆ ನೀನು ನೆಲಕ್ಕೆ ಮೂಗು ಹಚ್ಚಿ ಇಲಿ ಥರ ಹೋಗ್ತಿದ್ದೀಯ. ಬಾಯಿ ತುಂಬ ಮಣ್ಣು, ಕೈಯಲ್ಲಿ ಹಣ್ಣು. ಅವತ್ತಿಂದ ನೀನು ಇಲಿಮರಿ. ಜಾಗಕ್ಕೂ ಅದೇ ಹೆಸರು. ನಿನ್ನ ಹೆಸರು ಹೇಳಿ, ನಿನ್ನ ಕೇಳಿ ಕೀಳ್ಬೇಕು ಅಂತ ಲೆವೀನಾಗೂ ಹೇಳಿಕೊಟ್ಟೆ."

ದೋರಿ ಮಂಚದ ಕಂಬ ಹಿಡಿದುಕೊಂಡಳು. "ನನ್ನ ಯಾರೂ ಹಂಗೆ ಕರೀಲಿಲ್ಲ, ಮಾ. ನಂಗೆ ನೆನಪೇ ಇಲ್ಲ."

"ನೀನೇ ಬಿಡಿಸಿದ್ದು. ಅಬ್ನರ್ ಹುಟ್ಟಿದ. ಅವನನ್ನ ಎತ್ತಿಕೊಂಡಿದ್ದೆ, 'ಇಲಿಮರೀ ಬಾ' ಅಂತ ಕರೆದೆ. ನೆಲಕ್ಕೆ ಕಾಲು ಬಡಿದೆ ನೀನು. 'ಇಲಿಮರಿ ಅವನು, ನಾನು ದೋರಿ' ಅಂದೆ. ಅಪ್ಪಾ, ಏನು ಕೋಪ! ಆಮೇಲೆ ಎಷ್ಟು ಕರೆದರೂ ನನ್ನ ಜೊತೆ ಇಳಿಜಾರಿಗೆ ಬರಲಿಲ್ಲ, ಅಬ್ನರ್ ನನ್ನ ಬೆನ್ನ ಮೇಲಿರ್ತಾನೆ ಅಂತ." ಸೆಲೀನಾ ಗೋಡೆಯ ಕಡೆ ತಿರುಗಿದಳು. "ನನ್ನ ಕಣ್ಣು ಹೋದಾಗ ನೀನೇ ತಂದ್ಕೊಡ್ತೀಯ ಅಂತ ನೋಡಿದೆ. ನೀನು ಬಂದು ಕೂತ್ಕೋತಿದ್ದೆ, ಹೋಗ್ತಿದ್ದೆ. ಒಂದು ಹಣ್ಣಿಗೋಸ್ಕರ ಮಗಳ ಹತ್ರ ಬೇಡೋದು ಹೆಂಗೆ? ಅದಕ್ಕೇ ಲೆವೀನಾಗೆ ಹೇಳಿದೆ."

ಅಷ್ಟರಲ್ಲಿ ಮುಂಬಾಗಿಲು ಬಡಿಯಿತು. ಲೆವೀನಾ ಬಂದಳು, ಮೊಣಕೈವರೆಗೆ ಮಣ್ಣು, ಮುಖ ಅತ್ತು ಊದಿತ್ತು.

"ಮಾ, ಏನೂ ಉಳಿದಿಲ್ಲ ಮಾ! ಮುಳ್ಳುಹಂದಿ ಬಂದು ಎಲ್ಲಾ ಕೆದಕಿ ತಿಂದ್ಹಾಕಿದೆ. ಒಂದು ಗಡ್ಡೇನೂ ಬಿಟ್ಟಿಲ್ಲ. ನಾನು ನಿನ್ನೆ ಹೋಗ್ಬೇಕಿತ್ತು, ಮಾ. ನಂದೇ ತಪ್ಪು."

ಹೊದಿಕೆಯ ಮೇಲಿದ್ದ ಹಣ್ಣು ಲೆವೀನಾಳಿಗೆ ಕಾಣುವ ಮೊದಲೇ ಸೆಲೀನಾಳ ಕೈ ತಡವರಿಸಿ ಅದನ್ನು ದಿಂಬಿನ ಕೆಳಗೆ ತಳ್ಳಿತು. ವಾಸನೆಯನ್ನು ತಳ್ಳಲಾಗುತ್ತದೆಯೇ? ಆದರೆ ಲೆವೀನಾಳ ಮೂಗು ಅಳುವಿಗೆ ಕಟ್ಟಿಹೋಗಿತ್ತು.

"ಅಳಬೇಡಮ್ಮ," ಎಂದಳು ಸೆಲೀನಾ. "ಮುಳ್ಳುಹಂದಿಯೇ ಇರ್ಬೇಕು. ಅದರ ಹೊಟ್ಟೇಲಿ ಏನು ಸಂಕಟ ಇತ್ತೋ ಪಾಪ. ಹೋಗಿ ಕೈ ತೊಳ್ಕೋ."

ಲೆವೀನಾ ಒಳಗೆ ಹೋದಳು. ದೋರಿ ತಾಯಿಯ ಕಾಲ ಹತ್ತಿರ ಬಗ್ಗಿ, "ಗಡ್ಡೆ ತೊಟ್ಟೀಲಿ ನೆಟ್ಟಿದ್ದೀನಿ ಮಾ, ವಾಪಸ್ ಹಾಕ್ತೀನಿ," ಎಂದು ಪಿಸುಗುಟ್ಟಿದಳು.

"ಹಾಕು. ಕಿತ್ತ ಗಡ್ಡೆ ವರ್ಷಗಟ್ಲೆ ಮುನಿಸ್ಕೊಳ್ಳುತ್ತೆ. ನನ್ನ ಕಾಲಕ್ಕೆ ಈ ಸಲದ್ದೇ ಕೊನೇದು."

ಭಾನುವಾರ ಹಿತ್ತಾಳೆ ವಾದ್ಯ ಎಂದಿನಂತೆ ಊದಿತು. ಬೆಟ್ಟದ ಅಂಚಿಗೆ ಬೆಳಕು ಬಂತು, ಗೋರಿಗಳು ಬೆಳ್ಳಗಾದವು. ಒಂದು ಮಾತ್ರ ಅರ್ಧ ಬೆಳ್ಳಗಿತ್ತು, ದೋರಿಯ ಅಪ್ಪನದು. ಗುರುವಾರ ಬಿಟ್ಟುಹೋದ ಕುಂಚ ಅದರ ಮೇಲೇ ಒಣಗಿ ಸೆಟೆದುಕೊಂಡಿತ್ತು. ಸೆಲೀನಾ ನಡುವೆ, ಒಂದು ಪಕ್ಕ ದೋರಿ, ಇನ್ನೊಂದು ಪಕ್ಕ ಲೆವೀನಾ. ಪ್ರಾರ್ಥನೆ ಮುಗಿಯುತ್ತಿದ್ದಂತೆ ಸೆಲೀನಾ ಅಂಗಿಯ ತೋಳಿನ ಒಳಗಿಂದ ಕರವಸ್ತ್ರ ತೆಗೆದಳು. ದೋರಿಯ ಮದುವೆಯ ಕರವಸ್ತ್ರ. ತಾಯಿ ಅದನ್ನು ತರುತ್ತಾಳೆಂದು ದೋರಿ ಅಂದುಕೊಂಡಿರಲಿಲ್ಲ.

ಮುದುಕಿಯರು ನೆರೆದರು. "ಸಿಕ್ತಾ ಸೆಲೀನಾ? ಈ ಸಲಾನೂ ಲೆವೀನಾನೇ ತಂದಿದ್ದಾ?"

"ಇಲ್ಲ," ಎಂದಳು ಸೆಲೀನಾ, ಎಲ್ಲರಿಗೂ ಕೇಳುವಂತೆ. "ನನ್ನ ಮಗಳು ತಂದಿದ್ದು. ನನ್ನ ದೋರಿ."

"ಓಹೋ! ಅಂತೂ ಹೊಟ್ಟೇಲಿ ಹುಟ್ಟಿದವಳು ಹುಟ್ಟಿದವಳೇ ಬಿಡು," ಎಂದು ಯಾರೋ ದೋರಿಯ ಬೆನ್ನು ತಟ್ಟಿದರು. ಇನ್ನೊಬ್ಬಳು ಕೆನ್ನೆ ಹಿಂಡಿದಳು. ಇಷ್ಟು ವರ್ಷ ಯಾವ ಮಾತಿಗಾಗಿ ಕಿವಿ ಕಾದಿತ್ತೋ ಅದೇ ಮಾತು, ಅದೇ ಜಾಗದಲ್ಲಿ, ಅವರದೇ ಬಾಯಿಂದ. ದೋರಿಗೆ ನಿಂತಲ್ಲೇ ನಿಲ್ಲಲಾಗಲಿಲ್ಲ.

ಲೆವೀನಾ ಬಗ್ಗಿ ಕರವಸ್ತ್ರವನ್ನು ಮೂಸಿದಳು. ಹರಿದ ತೊಟ್ಟು ನೋಡಿದಳು. ನಿಧಾನವಾಗಿ ತಲೆ ಎತ್ತಿ ದೋರಿಯ ಮುಖ ನೋಡಿದಳು.

"ಮುಳ್ಳುಹಂದಿ ಬಿಟ್ಟದ್ದೊಂದು ನಿಂಗೆ ಸಿಕ್ತಾ ಅಕ್ಕಾ?"

ಹೂಂ ಅಂದುಬಿಡಬಹುದಿತ್ತು. ತಾಯಿ ಆ ಬಾಗಿಲನ್ನು ತೆರೆದೇ ಇಟ್ಟಿದ್ದಳು.

"ಮುಳ್ಳುಹಂದಿ ನಾನೇ, ಲೆವೀ."

ಲೆವೀನಾಳ ಕಣ್ಣಲ್ಲಿ ನೀರು ತುಂಬಿತು, ತುಟಿ ಬಿಗಿಯಿತು. ಹೊಡೆಯುತ್ತಾಳೆ ಎಂದೇ ದೋರಿ ಅಂದುಕೊಂಡಳು.

"ಗೊತ್ತಾಯ್ತು. ಗುಂಡೀಲಿ ಸಲಿಕೆ ಗುರುತಿತ್ತು. ಕಣ್ಣಾರೆ ನೋಡಿದ್ರೂ ನಂಬೋಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ಮುಳ್ಳುಹಂದಿ ಅಂದೆ." ಮೂಗು ಒರೆಸಿಕೊಂಡಳು. "ಗಡ್ಡೆ ಎಲ್ಲಿ?"

"ಕೋಳಿಗೂಡಿನ ಹಿಂದೆ."

"ಕೋಳಿ ಕೆದಕೋ ಮುಂಚೆ ಅಲ್ಲಿಗೇ ತಗೊಂಡು ಹೋಗೋಣ, ಬಾ. ಎಷ್ಟು ಆಳಕ್ಕೆ ಇಡ್ಬೇಕು ಅಂತ ಮಾ ನಂಗೆ ಹೇಳಿಕೊಟ್ಟಿದ್ದಾರೆ." ಅಷ್ಟು ಹೇಳಿ ಲೆವೀನಾ ಗೋರಿಗಳ ನಡುವಿನ ದಾರಿ ಹಿಡಿದಳು.

ಮಾ ಅವಳಿಗೆ ಹೇಳಿಕೊಟ್ಟಿದ್ದಾರಂತೆ. ದೋರಿಯ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಚುರ್ರೆಂದಿತು. ಆಗ ಸೆಲೀನಾ ಅವಳ ಕೈ ಬಿಟ್ಟು, ಬೆನ್ನಿಗೆ ಮೆಲ್ಲಗೆ ಒಂದು ತಳ್ಳು ಕೊಟ್ಟಳು.

"ಹೋಗೇ, ಇಲಿಮರಿ."

ಈ ಸಲ ದೋರಿ ಕಾಲು ಬಡಿಯಲಿಲ್ಲ. ತನ್ನ ಹೆಸರಿನ ಮೂಲೆಗೆ ದಾರಿ ತೋರಿಸುತ್ತಾ ಮುಂದೆ ಹೋಗುತ್ತಿದ್ದವಳ ಹಿಂದೆ ಹೊರಟಳು.